ಶೇಂಗಾಬೀಜದಷ್ಟು ದೋಷ

ಓಲೆಗರಿಯ ಕಟ್ಟೊಂದು ಅಟ್ಟದ ಮೇಲೆ ನೂರಾರು ವರ್ಷ ಬಿದ್ದಿದ್ದರೂ, ಹುಳು ತಿನ್ನದೆ ಉಳಿದಿದ್ದ ಪಕ್ಷದಲ್ಲಿ, ಮಸಿ ಸವರಿ ಬೆಳಕಿಗೆ ಹಿಡಿದರೆ ಓದಿಸಿಕೊಳ್ಳುತ್ತದೆ. ಕಂಪ್ಯೂಟರಿನಲ್ಲಿ ಬರೆದಿಟ್ಟ ಬರಹಕ್ಕೆ ಆ ಭಾಗ್ಯವಿಲ್ಲ. ಅದನ್ನು ಓದಬೇಕಾದರೆ ಮೊದಲು ಯಂತ್ರ ಉಸಿರಾಡಬೇಕು. ಮೂಲೆ ಸೇರಿದ ಹಳೆಯ ಯಂತ್ರ ಉಸಿರಾಡದಿದ್ದರೆ ಅದರ ಮಿದುಳೇ ಸತ್ತಿತೆಂದು ತಿಳಿದು ಜನ ಗುಜರಿಗೆ ಹಾಕುತ್ತಾರೆ. ಅನೇಕ ವೇಳೆ ಮಿದುಳಿಗೆ ಏನೂ ಆಗಿರುವುದಿಲ್ಲ; ಅದಕ್ಕೆ ಅನ್ನವಿಕ್ಕುವ ಪೆಟ್ಟಿಗೆ, ಎಂದರೆ ಪವರ್ ಸಪ್ಲೈ, ಕೆಟ್ಟಿರುತ್ತದೆ.

ಹುಮನಾಬಾದಿನ ನಿವೃತ್ತ ಶಾಲಾ ಮಾಸ್ತರರೊಬ್ಬರು ಸುತ್ತಣ ಹಳ್ಳಿಗಳ ಹೆಣ್ಣುಮಕ್ಕಳ ಬಾಯಿಂದ ಬೀಸುವ ಹಾಡುಗಳನ್ನು ಬರೆದುಕೊಂಡು, 1990ರ ದಶಕದ ಕೊನೆಯಲ್ಲಿ ಕಂಪ್ಯೂಟರಿಗೆ ಏರಿಸಿದ್ದರು. ಈಗ ಅವರಿಲ್ಲ, ಕೈಬರಹದ ವಹಿಗಳೂ ಉಳಿದಿಲ್ಲ, ಹಾಡಿದ ತಾಯಂದಿರಲ್ಲಿ ಬಹುಮಂದಿ ತೀರಿಹೋಗಿದ್ದಾರೆ. ಉಳಿದದ್ದು ಆ ಯಂತ್ರವೊಂದೇ. ಅದರ ಡಿಸ್ಕನ್ನು ಬಿಚ್ಚಿ ಇಂದಿನ ಯಂತ್ರಕ್ಕೆ ಜೋಡಿಸಬಾರದೆ ಎಂದು ವಾಚಕರು ಕೇಳಬಹುದು. ಜೋಡಿಸಬಹುದು, ಆದರೆ ಕಾಣುವುದು ಕನ್ನಡವಲ್ಲ. ಯುನಿಕೋಡಿನಲ್ಲಿ 1991ರಿಂದಲೇ ಕನ್ನಡಕ್ಕೆ ಸ್ಥಾನವಿದ್ದರೂ, ಆ ಕಾಲದ ಅನೇಕ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಿದ್ದವು, ಒಂದೊಂದೂ ತನ್ನದೇ ಕ್ರಮದಲ್ಲಿ. ಹಳೆಯ ತಂತ್ರಾಂಶ, ಹಳೆಯ ಫಾಂಟು ಎರಡೂ ಇದ್ದ ಆ ಯಂತ್ರವನ್ನೇ ಎಬ್ಬಿಸುವುದು ಲೇಸೆನಿಸಿತು.

ಪೆಟ್ಟಿಗೆಯ ಕೆಲಸ ಇಷ್ಟು. ಮನೆಗೆ ಬರುವ ವಿದ್ಯುತ್ತು 230 ವೋಲ್ಟಿನದು, ಸೆಕೆಂಡಿಗೆ 50 ಆವರ್ತ ಹೊಯ್ದಾಡುವಂಥದು. ಯಂತ್ರಕ್ಕೆ ಬೇಕಾದದ್ದು ಅಲುಗಾಡದ 5 ವೋಲ್ಟು, 12 ವೋಲ್ಟು. ಪೆಟ್ಟಿಗೆ ಮೊದಲು ಹೊಯ್ದಾಟವನ್ನು ನೇರಮಾಡಿ ಎರಡು ದೊಡ್ಡ ಕಂಡೆನ್ಸರುಗಳಲ್ಲಿ ಸುಮಾರು 320 ವೋಲ್ಟು ತುಂಬಿಕೊಳ್ಳುತ್ತದೆ. ಬಳಿಕ ಎರಡು ಟ್ರಾನ್ಸಿಸ್ಟರುಗಳು ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಕಡಿದು ಕಡಿದು ಸಣ್ಣ ಟ್ರಾನ್ಸ್‌ಫಾರ್ಮರಿಗೆ ಉಣಿಸುತ್ತವೆ. ಎಲ್ಲವೂ ಹದಕ್ಕೆ ಬಂದ ಮೇಲೆ ಕಿತ್ತಳೆ ಬಣ್ಣದ ತಂತಿಯಲ್ಲಿ ಒಂದು ಸೂಚನೆ ಹೊರಡುತ್ತದೆ. ಅದು ಬರುವ ತನಕ ಮಿದುಳು ಕೆಲಸಕ್ಕೆ ಕೈಹಚ್ಚುವುದಿಲ್ಲ.

ಬಸವಕಲ್ಯಾಣದಲ್ಲಿ ರೇಡಿಯೋ, ಟಿ.ವಿ. ರಿಪೇರಿ ಮಾಡುತ್ತ ತಲೆ ನರೆತ ಕುಶಲಕರ್ಮಿಯೊಬ್ಬರಿದ್ದಾರೆ. ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿ ಬಿಟ್ಟು ಯಂತ್ರವನ್ನು ಅವರ ಅಂಗಡಿಗೆ ಒಯ್ದೆ. ನನ್ನ ಆತುರ ಅವರಿಗೆ ತಿಳಿಯಿತು.

“ಗಡಬಡ ಮಾಡಬ್ಯಾಡ್ರಿ ಸರ. ಮೊದಲ ಪೆಟಗಿ ಮಾತಾಡ್ಲಿ, ಆಮ್ಯಾಲ ಮಷೀನಿಗಿ ಹಚ್ಚೋಣ,” ಎಂದರು.

ಆ ಮಾತಿನಲ್ಲಿ ವಿವೇಕವಿತ್ತು. ಕೆಟ್ಟ ಪೆಟ್ಟಿಗೆ 5ರ ಬದಲು ಹೆಚ್ಚು ವೋಲ್ಟು ಉಗುಳಿದರೆ ಡಿಸ್ಕು ಸುಟ್ಟು, ಹಾಡುಗಳೂ ಅದರೊಡನೆ ಹೋಗುತ್ತವೆ. ಅವರು ಪೆಟ್ಟಿಗೆಯನ್ನು ಯಂತ್ರದಿಂದ ಬೇರ್ಪಡಿಸಿದರು. ಪ್ಲಗ್ಗು ಕಿತ್ತ ಮೇಲೂ ದೊಡ್ಡ ಕಂಡೆನ್ಸರುಗಳಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ತು ನಿಂತಿರಬಹುದು. ಅದನ್ನು ರೆಸಿಸ್ಟರಿನ ಮೂಲಕ ಇಳಿಸಿ, ಮೀಟರು ಸೊನ್ನೆ ತೋರಿದ ಮೇಲೆಯೇ ಒಳಗೆ ಕೈಯಿಟ್ಟರು. ಫ್ಯೂಸು ನೆಟ್ಟಗಿತ್ತು. 5 ವೋಲ್ಟಿನ ತಂತಿಗೆ ಭಾರಕ್ಕೆಂದು ಕಾರಿನ ಹೆಡ್‌ಲೈಟ್ ಬಲ್ಬು ಕಟ್ಟಿ, ಒಳಬರುವ ವಿದ್ಯುತ್ತನ್ನು 100 ವ್ಯಾಟಿನ ಬುರುಡೆ ಬಲ್ಬಿನ ಮೂಲಕ ಹರಿಸಿದರು. ಒಳಗೆ ಶಾರ್ಟಾಗಿದ್ದರೆ ಬುರುಡೆ ಉಜ್ವಲವಾಗಿ ಉರಿಯುತ್ತಲೇ ಇರಬೇಕು. ಅದು ಒಮ್ಮೆ ಮಿಂಚಿ ಮಂಕಾಯಿತು, ಶಾರ್ಟಿಲ್ಲ. ಆದರೂ ಫ್ಯಾನು ತಿರುಗಲಿಲ್ಲ.

ದೋಷ ಸಿಕ್ಕಿದ್ದು ಆ ಎರಡು ಟ್ರಾನ್ಸಿಸ್ಟರುಗಳ ಮಗ್ಗುಲಲ್ಲಿ. ಅವನ್ನು ಚಾಲೂ ಮಾಡಿಸುವ, ಶೇಂಗಾಬೀಜದಷ್ಟು ಗಾತ್ರದ, 1 ಮೈಕ್ರೋಫ್ಯಾರಡ್, 50 ವೋಲ್ಟಿನ ಎರಡು ಕಂಡೆನ್ಸರುಗಳು ಹೊರನೋಟಕ್ಕೆ ಚೊಕ್ಕಟವಾಗಿದ್ದವು. ಬೆಸುಗೆ ಬಿಡಿಸಿ ಅಳೆದರೆ ಒಳಗಿನ ದ್ರವ ಆರಿ ಶಕ್ತಿಯೇ ಉಳಿದಿರಲಿಲ್ಲ. ಹೊಸವನ್ನು ಧನ, ಋಣ ನೋಡಿ ಬೆಸೆದರು. ಫ್ಯಾನು ತಿರುಗಿತು. ಕೆಂಪು ತಂತಿಯಲ್ಲಿ 5.05 ವೋಲ್ಟು, 4.75ರಿಂದ 5.25ರವರೆಗೆ ಕ್ಷೇಮ. ಹಳದಿಯಲ್ಲಿ 12.1. ಆ ಮೇಲೆಯೇ ಎರಡು ಪ್ಲಗ್ಗುಗಳ ಕಪ್ಪು ತಂತಿಗಳು ನಡುವೆ ಒಂದಕ್ಕೊಂದು ತಾಗುವಂತೆ ಯಂತ್ರಕ್ಕೆ ಸೇರಿಸಿದರು. ಅದಲುಬದಲಾದರೆ ಯಂತ್ರಕ್ಕೆ ಉಳಿಗಾಲವಿಲ್ಲ.

ಪರದೆಯ ಮೇಲೆ ಹಾಡುಗಳು ಒಂದೊಂದಾಗಿ ಮೂಡಿದವು. ಪ್ರತಿಯೊಂದರ ಕೆಳಗೆ ಹಾಡಿದಾಕೆಯ ಹೆಸರು, ಊರು. ಮಾಸ್ತರರ ಶಿಸ್ತು ಅಂಥದು.

ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನರಸಿ ಮನೆಮನೆ ತಿರುಗಿದರು; ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಹೊರಬಂದಿತು. ಇಂದು ಅಂಥ ಸಂಗ್ರಹಕಾರ್ಯಕ್ಕೆ ಹೊರಡುವವರು ಬೆಸುಗೆ ಬಲ್ಲವರನ್ನೂ ಜೊತೆಗೆ ಕರೆದೊಯ್ಯಬೇಕು. ಪಾಠ ತಿದ್ದುವ ಪಂಡಿತರಿಗಿಂತ ಅವರ ಕಾಯಕ ಕಿರಿದೆಂದು ಕಲ್ಯಾಣದಲ್ಲಿ ನಿಂತು ಯಾರೂ ಹೇಳಲಾರರು. ಅಧ್ಯಾಪಕ ಮಿತ್ರರಲ್ಲಿ, ವಿದ್ಯಾರ್ಥಿಗಳಲ್ಲಿ ನನ್ನದೊಂದೇ ಬಿನ್ನಹ: ನಿಮ್ಮೂರಿನ ಬರಹಗಾರರ ಮನೆಯಲ್ಲಿ ಇಂಥ ಯಂತ್ರ ಕಂಡರೆ ಗುಜರಿಗೆ ಬಿಡಬೇಡಿರಿ, ಕುತೂಹಲಕ್ಕೆಂದು ಸ್ವಿಚ್ಚನ್ನೂ ಒತ್ತಬೇಡಿರಿ. ಬಲ್ಲವರ ಕೈಯಲ್ಲಿ ಮೊದಲು ಪೆಟ್ಟಿಗೆಯನ್ನು ಪರೀಕ್ಷಿಸಿರಿ. ಬರಹ ಸಿಕ್ಕ ದಿನವೇ ಯುನಿಕೋಡಿಗೆ ತಿರುಗಿಸಿ, ಒಂದು ಪ್ರತಿಯನ್ನು ಕಾಗದದ ಮೇಲೂ ಮುದ್ರಿಸಿಡಿರಿ.