ರಿಕವರಿ ಕೈಕೊಟ್ಟಾಗ ಮೊದಲು ನೋಡಬೇಕಾದದ್ದು ಹಾರ್ಡ್ ಡಿಸ್ಕ್

ಕೆಟ್ಟು ನಿಂತ ಆಪರೇಟಿಂಗ್ ಸಿಸ್ಟಂ ಅನ್ನು ಮತ್ತೆ ನಡೆಯುವ ಸ್ಥಿತಿಗೆ ತರುವ ಕೆಲಸಕ್ಕೆ ಸಿಸ್ಟಂ ರಿಕವರಿ ಎಂದು ಹೆಸರು. ವಿಂಡೋಸ್‌ನಲ್ಲಿ ಇದಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ. ‘ಸಿಸ್ಟಂ ರಿಸ್ಟೋರ್’ ವಿಂಡೋಸ್‌ನ ಫೈಲು, ಸೆಟ್ಟಿಂಗುಗಳನ್ನು ಹಿಂದಿನ ಯಾವುದೋ ಒಂದು ದಿನದ ಸ್ಥಿತಿಗೆ ಒಯ್ಯುತ್ತದೆ. ಫೋಟೊ, ಪತ್ರ, ಲೆಕ್ಕಪತ್ರಗಳನ್ನು ಮುಟ್ಟುವುದಿಲ್ಲ. ‘ರೀಸೆಟ್’ ವಿಂಡೋಸನ್ನೇ ಹೊಸದಾಗಿ ಹಾಕುತ್ತದೆ. ಬೇಕೆಂದರೆ ಸ್ವಂತ ಫೈಲುಗಳು ಉಳಿಯುತ್ತವೆ, ಆದರೆ ಬಳಕೆದಾರರು ಹಾಕಿಕೊಂಡ ತಂತ್ರಾಂಶಗಳು ಹೋಗುತ್ತವೆ. ‘ಇಮೇಜ್ ರಿಕವರಿ’ ಮೊದಲೇ ತೆಗೆದಿಟ್ಟ ಇಡೀ ಡಿಸ್ಕಿನ ಪ್ರತಿಯನ್ನು ಮರಳಿ ಬರೆಯುತ್ತದೆ.

ಈ ಮೂರರಲ್ಲೂ ಹಾರ್ಡ್ ಡಿಸ್ಕಿಗೆ ಎಡೆಬಿಡದ ಕೆಲಸ. ಸಾವಿರಾರು ಫೈಲುಗಳನ್ನು ಓದಬೇಕು, ಅಷ್ಟನ್ನೇ ಬರೆಯಬೇಕು. ಡಿಸ್ಕೇ ಸೋಲುತ್ತಿದ್ದರೆ ರಿಕವರಿ ಅರ್ಧಕ್ಕೆ ನಿಲ್ಲುತ್ತದೆ. ಮತ್ತೆ ಮತ್ತೆ ಪ್ರಯತ್ನಿಸಿದಷ್ಟೂ ಉಳಿದಿರುವ ಮಾಹಿತಿಗೆ ಅಪಾಯ ಹೆಚ್ಚುತ್ತದೆ. ಹೋಟೆಲಿನ ಬಿಲ್ಲು, ಹೌಸಿಂಗ್ ಸೊಸೈಟಿಯ ಲೆಕ್ಕ, ಸಂಘದ ಸದಸ್ಯರ ಪಟ್ಟಿ, ಮನೆಮಂದಿಯ ಇಪ್ಪತ್ತು ವರ್ಷದ ಚಿತ್ರಗಳು ಮುಂಬಯಿಯ ಎಷ್ಟೋ ಕಡೆ ಒಂದೇ ಕಂಪ್ಯೂಟರಿನಲ್ಲಿರುತ್ತವೆ. ಕಂಪ್ಯೂಟರ್ ಮತ್ತೆ ಕೊಳ್ಳಬಹುದು, ಅವುಗಳನ್ನು ಕೊಳ್ಳಲಾಗದು. ಹಾಗಾಗಿ ರಿಕವರಿ ವಿಫಲವಾದಾಗ ಪಾಲಿಸಬೇಕಾದ ಕ್ರಮ ಹೀಗೆ: ಮೊದಲು ಡಿಸ್ಕಿನ ಆರೋಗ್ಯ ನೋಡುವುದು, ಆಮೇಲೆ ಮಾಹಿತಿಯನ್ನು ಉಳಿಸಿಕೊಳ್ಳುವುದು, ಎಲ್ಲಕ್ಕಿಂತ ಕೊನೆಗೆ ವಿಂಡೋಸ್.

ವಿಫಲವಾಗಲು ಕಾರಣಗಳು

ಎಲ್ಲ ವೈಫಲ್ಯಕ್ಕೂ ಡಿಸ್ಕ್ ಹೊಣೆಯಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಕಳಿಸಿದ ದೋಷಪೂರಿತ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತವು ಎಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ಮುಂಬಯಿ ಸೇರಿದಂತೆ ಭಾರತದ ಹಲವು ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಚೆಕ್-ಇನ್ ಕೆಲಸ ಕೈಬರಹಕ್ಕೆ ಇಳಿಯಿತು. ಆ ಯಂತ್ರಗಳ ಡಿಸ್ಕುಗಳಿಗೆ ಏನೂ ಆಗಿರಲಿಲ್ಲ. ಅತ್ಯಗತ್ಯ ಭಾಗಗಳಷ್ಟರಿಂದ ವಿಂಡೋಸ್ ನಡೆಸುವ ಸೇಫ್ ಮೋಡ್‌ನಲ್ಲಿ ತೆರೆದು ಒಂದು ಫೈಲನ್ನು ಅಳಿಸಿದರೆ ಸಾಕಿತ್ತು. ಆದರೆ ಡಿಸ್ಕಿನ ಮಾಹಿತಿಯನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್ ಬೀಗ ಹಾಕಿದ್ದ ಕಂಪ್ಯೂಟರುಗಳಲ್ಲಿ ಅಷ್ಟು ಮಾಡಲೂ 48 ಅಂಕಿಗಳ ರಿಕವರಿ ಕೀ ಬೇಕಾಯಿತು. ಮನೆಯ ಲ್ಯಾಪ್‌ಟಾಪುಗಳಲ್ಲೂ ಈ ಬೀಗ ತಾನಾಗಿಯೇ ಬಿದ್ದಿರುವುದುಂಟು. ಅದರ ಕೀ ಸಾಮಾನ್ಯವಾಗಿ ಬಳಕೆದಾರರ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ. ಅದನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಂಡರೆ ಕಷ್ಟಕಾಲದಲ್ಲಿ ಬಾಗಿಲು ತೆರೆಯುತ್ತದೆ.

ತಂತ್ರಾಂಶದ ಕಡೆಯ ಇತರ ಕಾರಣಗಳೂ ಗುರುತಿಸಲು ಸುಲಭ. ಡಿಸ್ಕಿನಲ್ಲಿ ಜಾಗ ಕಡಿಮೆಯಾದರೆ ಸಿಸ್ಟಂ ರಿಸ್ಟೋರ್ ಮರಳಬೇಕಾದ ಹಿಂದಿನ ಸ್ಥಿತಿಗಳ ದಾಖಲೆಗಳು, ಅಂದರೆ ಹಳೆಯ ರಿಸ್ಟೋರ್ ಪಾಯಿಂಟುಗಳು, ಅಳಿಸಿಹೋಗುತ್ತವೆ. ಆ್ಯಂಟಿವೈರಸ್ ತನ್ನ ಫೈಲುಗಳನ್ನು ಬದಲಿಸಲು ಬಿಡದೆ ರಿಸ್ಟೋರ್ ಕೆಲಸವನ್ನು ತಡೆಯುತ್ತದೆ; ಸೇಫ್ ಮೋಡ್‌ನಲ್ಲಿ ಮಾಡಿದರೆ ಇದು ಹೆಚ್ಚಾಗಿ ಬಗೆಹರಿಯುತ್ತದೆ. ರಿಕವರಿಗೆಂದೇ ಮೀಸಲಾದ ಡಿಸ್ಕಿನ ಭಾಗ ಹಾಳಾಗಿರಬಹುದು ಅಥವಾ ಚಿಕ್ಕದಾಗಿರಬಹುದು. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಕಳಿಸಿದ ಒಂದು ಅಪ್‌ಡೇಟ್ ಅನೇಕ ಕಂಪ್ಯೂಟರುಗಳಲ್ಲಿ ವಿಫಲವಾದದ್ದು ಆ ಭಾಗದಲ್ಲಿ 250 ಎಂಬಿ ಖಾಲಿ ಜಾಗ ಇಲ್ಲದ ಕಾರಣಕ್ಕೆ.

ಡಿಸ್ಕ್, ತಂತ್ರಾಂಶಗಳ ನಂತರ ಮೂರನೆಯ ಕಾರಣ ವಿದ್ಯುತ್ತು. ವಿಂಡೋಸ್ ತನ್ನ ಫೈಲುಗಳನ್ನು ಬದಲಿಸುತ್ತಿರುವಾಗ ಕರೆಂಟು ಹೋದರೆ ಹಳೆಯ ವ್ಯವಸ್ಥೆಯೂ ಇಲ್ಲ, ಹೊಸದೂ ಇಲ್ಲ ಎಂಬ ಸ್ಥಿತಿ ಬರುತ್ತದೆ. ಕರೆಂಟು ಹೋಗುವುದೇ ಅಪರೂಪ ಎನ್ನುವ ಮುಂಬಯಿಯಲ್ಲೂ 2020ರ ಅಕ್ಟೋಬರ್ 12ರ ಬೆಳಿಗ್ಗೆ ಗ್ರಿಡ್ ಕೆಟ್ಟು ನಗರ, ಉಪನಗರ, ಥಾಣೆಗಳ ದೊಡ್ಡ ಭಾಗ ಕತ್ತಲಾಯಿತು. ಲೋಕಲ್ ರೈಲುಗಳೂ ನಿಂತವು. ರಿಕವರಿಗೆ ಕೈಹಾಕುವಾಗ ಡೆಸ್ಕ್‌ಟಾಪಿಗೆ ಯುಪಿಎಸ್ ಇರಬೇಕು, ಲ್ಯಾಪ್‌ಟಾಪಿನ ಬ್ಯಾಟರಿ ತುಂಬಿರಬೇಕು, ಚಾರ್ಜರ್ ಹಾಕಿಯೇ ಇರಬೇಕು.

ಡಿಸ್ಕ್ ಹೇಗೆ ಕೆಡುತ್ತದೆ

ಹಾರ್ಡ್ ಡಿಸ್ಕಿನೊಳಗೆ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುವ ತಟ್ಟೆಗಳಿವೆ. ಅವುಗಳ ಮೇಲೆ ಓದು-ಬರಹದ ಹೆಡ್ ಕೆಲವೇ ನ್ಯಾನೋಮೀಟರ್ ಅಂತರದಲ್ಲಿ ತೇಲುತ್ತದೆ. ಒಂದು ಧೂಳಿನ ಕಣ ಆ ಅಂತರಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಲ್ಯಾಪ್‌ಟಾಪನ್ನು ಪೂರ್ತಿ ಆಫ್ ಮಾಡದೆ ಚೀಲಕ್ಕೆ ತುರುಕಿ ಲೋಕಲ್ ರೈಲಿನ ನೂಕುನುಗ್ಗಲಿಗೆ ಒಡ್ಡಬಾರದು ಎನ್ನುವುದು ಇದಕ್ಕೇ: ತಟ್ಟೆ ತಿರುಗುತ್ತಿರುವಾಗ ಪೆಟ್ಟು ಬಿದ್ದರೆ ಹೆಡ್ ತಟ್ಟೆಯನ್ನು ತಾಗಿ ಗೀರು ಮಾಡಬಲ್ಲದು.

ತಟ್ಟೆಯ ಮೇಲೆ ಮಾಹಿತಿ ಸೆಕ್ಟರ್ ಎಂಬ ಪುಟ್ಟ ಪುಟ್ಟ ತುಣುಕುಗಳಲ್ಲಿ ಇರುತ್ತದೆ. ಒಂದು ಸೆಕ್ಟರ್ ಕೆಟ್ಟರೆ ಡಿಸ್ಕ್ ತನ್ನಲ್ಲಿರುವ ಮೀಸಲು ಸೆಕ್ಟರಿಗೆ ಆ ಕೆಲಸ ವಹಿಸುತ್ತದೆ. ಇದು ಬಳಕೆದಾರರ ಗಮನಕ್ಕೇ ಬರುವುದಿಲ್ಲ. ಕೆಟ್ಟ ಸೆಕ್ಟರುಗಳು ಹೆಚ್ಚುತ್ತ ಹೋದಾಗ ಲಕ್ಷಣಗಳು ಕಾಣಿಸುತ್ತವೆ: ಒಂದು ಫೋಲ್ಡರ್ ತೆರೆಯಲು ನಿಮಿಷಗಳು ಬೇಕಾಗುತ್ತವೆ, ಕಾಪಿ ಅರ್ಧಕ್ಕೆ ನಿಲ್ಲುತ್ತದೆ, ರೀಸೆಟ್ ಪ್ರತಿ ಸಲವೂ ಒಂದೇ ಶೇಕಡಾವಾರಿಗೆ ಬಂದು ತಟಸ್ಥವಾಗುತ್ತದೆ. ಟಕ್ ಟಕ್ ಎಂದು ಒಂದೇ ಲಯದಲ್ಲಿ ಸದ್ದು ಬರುತ್ತಿದ್ದರೆ ಹೆಡ್ ಸೋತಿರುವ ಸಾಧ್ಯತೆ ಹೆಚ್ಚು. ಆಗ ಯಾವ ಪರೀಕ್ಷೆಯನ್ನೂ ಮಾಡದೆ ಕೂಡಲೇ ಆಫ್ ಮಾಡಬೇಕು.

ಆರೋಗ್ಯ ತಪಾಸಣೆ

ಪ್ರತಿ ಡಿಸ್ಕಿನಲ್ಲೂ ತನ್ನ ಸ್ಥಿತಿಯನ್ನು ತಾನೇ ದಾಖಲಿಸುವ ‘ಸ್ಮಾರ್ಟ್’ ಎಂಬ ವ್ಯವಸ್ಥೆಯಿದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಆ ದಾಖಲೆಯನ್ನು ಓದಿ ನೀಲಿ, ಹಳದಿ, ಕೆಂಪು ಬಣ್ಣಗಳಲ್ಲಿ ತೋರಿಸುತ್ತದೆ. ಸೀಗೇಟ್, ವೆಸ್ಟರ್ನ್ ಡಿಜಿಟಲ್ ಮುಂತಾದ ತಯಾರಕರ ಸ್ವಂತ ತಂತ್ರಾಂಶಗಳೂ ಇವೆ. ವಿಂಡೋಸ್ ತೆರೆಯುವುದೇ ಇಲ್ಲವೆಂದರೆ ಡಿಸ್ಕನ್ನು ಬಿಚ್ಚಿ ಯುಎಸ್‌ಬಿ ಅಡಾಪ್ಟರ್ ಮೂಲಕ ಬೇರೆ ಕಂಪ್ಯೂಟರಿಗೆ ಜೋಡಿಸಬಹುದು, ಇಲ್ಲವೇ ಉಬುಂಟು ಹಾಕಿದ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಆರಂಭಿಸಿ ಅದರ ‘ಡಿಸ್ಕ್ಸ್’ ಸಾಧನದಲ್ಲಿ ನೋಡಬಹುದು.

ಉದ್ದದ ಆ ಪಟ್ಟಿಯಲ್ಲಿ ಸಾಮಾನ್ಯ ಓದುಗರು ಗಮನಿಸಬೇಕಾದ ಸಾಲುಗಳು ನಾಲ್ಕು. 5ನೇ ಸಂಖ್ಯೆಯ ಸಾಲು ಮೀಸಲಿಗೆ ವರ್ಗವಾದ ಸೆಕ್ಟರುಗಳ ಲೆಕ್ಕ. 197ನೆಯದು ಓದಲು ತೊಡಕಾಗಿ ತೀರ್ಮಾನಕ್ಕೆ ಕಾದಿರುವ ಸೆಕ್ಟರುಗಳು. 198ನೆಯದು ಸರಿಪಡಿಸಲಾಗದೆ ಉಳಿದವು. ಈ ಮೂರೂ ಸೊನ್ನೆಯಾಗಿರುವುದು ಒಳ್ಳೆಯದು. ಇಂದು 8 ಇದ್ದದ್ದು ಮುಂದಿನ ವಾರ 40 ಆಗಿದ್ದರೆ ಡಿಸ್ಕನ್ನು ನಂಬುವಂತಿಲ್ಲ. 199ನೆಯ ಸಾಲಿನ ಕಥೆ ಬೇರೆ. ಅದು ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವೆ ಮಾಹಿತಿ ಸಾಗುವಾಗ ಆದ ತಪ್ಪುಗಳ ಲೆಕ್ಕ. ಸಡಿಲವಾದ ಅಥವಾ ಕಡಲತೀರದ ತೇವದ ಗಾಳಿಗೆ ತುದಿ ಕಿಲುಬು ಹಿಡಿದ ಕೇಬಲ್ಲೇ ಇದಕ್ಕೆ ಸಾಮಾನ್ಯ ಕಾರಣ. ಕೇಬಲ್ ಬದಲಿಸಿದ ಮೇಲೆ ಈ ಸಂಖ್ಯೆ ಇಳಿಯುವುದಿಲ್ಲ, ಆದರೆ ಏರುವುದು ನಿಲ್ಲಬೇಕು.

ಸ್ಮಾರ್ಟ್ ನೀಡುವ ಭರವಸೆಗೂ ಮಿತಿಯಿದೆ. ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಪರಿಶೀಲಿಸಿ ಗೂಗಲ್ ಸಂಸ್ಥೆಯ ಸಂಶೋಧಕರು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಡಿಸ್ಕಿನ ಮೇಲ್ಮೈ ತಪಾಸಣೆಯಲ್ಲಿ ಮೊದಲ ದೋಷ ಕಂಡ ನಂತರದ 60 ದಿನಗಳಲ್ಲಿ ಅಂಥ ಡಿಸ್ಕ್ ಕೆಡುವ ಸಂಭವ, ದೋಷವಿಲ್ಲದ ಡಿಸ್ಕಿಗಿಂತ 39 ಪಟ್ಟು ಹೆಚ್ಚು ಎಂದು ಅದು ತೋರಿಸಿತು. ಅದೇ ಅಧ್ಯಯನದಲ್ಲಿ, ಕೆಟ್ಟ ಡಿಸ್ಕುಗಳ ಪೈಕಿ ಶೇಕಡಾ 56ಕ್ಕೂ ಹೆಚ್ಚಿನವು ಸ್ಮಾರ್ಟ್‌ನ ನಾಲ್ಕು ಪ್ರಬಲ ಸೂಚನೆಗಳಲ್ಲಿ ಒಂದನ್ನೂ ಕೊಟ್ಟಿರಲಿಲ್ಲ. ಸ್ಮಾರ್ಟ್ ಎಚ್ಚರಿಸಿದರೆ ನಂಬಬೇಕು. ಸುಮ್ಮನಿದೆ ಎಂದು ನಿಶ್ಚಿಂತರಾಗಬಾರದು.

ತಟ್ಟೆಗಳ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವಿಲ್ಲ, ಸದ್ದೂ ಇಲ್ಲ. ಅದರ ಆಯುಷ್ಯ ಎಷ್ಟು ಸವೆದಿದೆ, ಎಷ್ಟು ಮೀಸಲು ಉಳಿದಿದೆ ಎಂಬುದನ್ನು ಶೇಕಡಾವಾರಿನಲ್ಲಿ ನೋಡಬಹುದು. ಆದರೆ ಅದು ಯಾವ ಮುನ್ಸೂಚನೆಯೂ ಇಲ್ಲದೆ ಒಮ್ಮೆಲೇ ನಿಂತುಹೋಗಬಹುದು. ಅಳಿಸಿದ ಫೈಲುಗಳ ಜಾಗವನ್ನು ಎಸ್‌ಎಸ್‌ಡಿ ತಾನಾಗಿಯೇ ಖಾಲಿ ಮಾಡಿಕೊಳ್ಳುವುದರಿಂದ, ರೀಸೆಟ್‌ನಲ್ಲಿ ಕೈತಪ್ಪಿ ಎಲ್ಲವನ್ನೂ ಅಳಿಸಿದರೆ ಮರಳಿ ಪಡೆಯುವುದು ಬಹುತೇಕ ಅಸಾಧ್ಯ.

ಮಾಹಿತಿ ಉಳಿಸುವ ಕ್ರಮ

ಡಿಸ್ಕ್ ಅನುಮಾನಾಸ್ಪದ ಎಂದು ತಿಳಿದ ಮೇಲೆ ಮಾಡಬಾರದ ಕೆಲಸ ವಿಂಡೋಸ್‌ನದೇ ಆದ ‘ಚೆಕ್ ಡಿಸ್ಕ್’ ಸಾಧನ ಓಡಿಸುವುದು. ಅದು ಫೈಲುಗಳ ವ್ಯವಸ್ಥೆಯನ್ನು ತಿದ್ದುತ್ತದೆ. ಸೆಕ್ಟರ್ ಪರೀಕ್ಷೆಯನ್ನೂ ಸೇರಿಸಿದರೆ ಇಡೀ ಡಿಸ್ಕನ್ನು ಗಂಟೆಗಟ್ಟಲೆ ದುಡಿಸುತ್ತದೆ. ಗಟ್ಟಿಯಾದ ಡಿಸ್ಕಿಗೆ ಇದು ಉಪಕಾರ, ಸೋಲುತ್ತಿರುವ ಡಿಸ್ಕಿಗೆ ಕೊನೆಯ ಪೆಟ್ಟು. ಮೊದಲು ಅತಿ ಮುಖ್ಯವಾದ ಫೈಲುಗಳನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಬೇಕು. ಕಾಪಿ ತಡವರಿಸಿದರೆ ಜಿಎನ್‌ಯು ಡಿಡಿರೆಸ್ಕ್ಯೂನಂಥ ಸಾಧನ ಬೇಕು. ಅದು ಸಲೀಸಾಗಿ ಓದಲು ಬರುವ ಭಾಗಗಳನ್ನೆಲ್ಲ ಮೊದಲು ಉಳಿಸಿಕೊಂಡು, ಕಷ್ಟದ ಭಾಗಗಳಿಗೆ ಕೊನೆಯಲ್ಲಿ ಮರಳುತ್ತದೆ.

ಗ್ರ್ಯಾಂಟ್ ರೋಡ್ ನಿಲ್ದಾಣದ ಹತ್ತಿರದ ಲ್ಯಾಮಿಂಗ್ಟನ್ ರಸ್ತೆ, ಅಂದರೆ ಡಾ. ದಾದಾಸಾಹೇಬ್ ಭಡ್ಕಮ್‌ಕರ್ ಮಾರ್ಗ, ಮುಂಬಯಿಯ ಹೆಸರಾಂತ ಎಲೆಕ್ಟ್ರಾನಿಕ್ಸ್ ಪೇಟೆ. ಡಿಸ್ಕ್, ಕೇಬಲ್, ಅಡಾಪ್ಟರ್, ರಿಪೇರಿ ಎಲ್ಲ ಅಲ್ಲಿ ಸಿಗುತ್ತವೆ. ಎಲ್ಲೇ ರಿಪೇರಿಗೆ ಕೊಟ್ಟರೂ ‘ಮಾಹಿತಿ ಬೇಕು, ಫಾರ್ಮ್ಯಾಟ್ ಮಾಡಬೇಡಿ’ ಎಂಬುದನ್ನು ರಸೀದಿಯಲ್ಲೇ ಬರೆಸಿಕೊಳ್ಳಬೇಕು, ಡಿಸ್ಕಿನ ಸೀರಿಯಲ್ ನಂಬರ್ ಗುರುತಿಟ್ಟುಕೊಳ್ಳಬೇಕು, ಹಳೆಯ ಡಿಸ್ಕನ್ನು ವಾಪಸ್ ಕೇಳಿ ಪಡೆಯಬೇಕು. ಸದ್ದು ಮಾಡುವ ಡಿಸ್ಕನ್ನು ಬಿಚ್ಚಿ ನೋಡಲು ಯಾರಿಗೂ ಬಿಡಬಾರದು. ಅದಕ್ಕೆ ಧೂಳಿಲ್ಲದ ಕ್ಲೀನ್ ರೂಮ್ ಇರುವ ಪ್ರಯೋಗಾಲಯವೇ ಆಗಬೇಕು.

ನೀರು ಹೊಕ್ಕ ಡಿಸ್ಕಿಗೂ ಇದೇ ಮಾತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಕುರ್ಲಾ, ಕಲೀನಾದಂಥ ತಗ್ಗುಪ್ರದೇಶಗಳು ಮುಳುಗಿದವು. ಅಂಥ ನೆರೆಯಲ್ಲಿ ನೆನೆದ ಕಂಪ್ಯೂಟರನ್ನು ‘ನಡೆಯುತ್ತದೆಯೇ ನೋಡೋಣ’ ಎಂದು ಆನ್ ಮಾಡಬಾರದು, ಡಿಸ್ಕನ್ನು ಬಿಸಿಗಾಳಿಯಲ್ಲಿ ಒಣಗಿಸಬಾರದು. ಒಣಗಿದ ಕೆಸರು ತಟ್ಟೆಗೆ ಅಂಟಿಕೊಳ್ಳುತ್ತದೆ. ಡಿಸ್ಕನ್ನು ತೇವವಿದ್ದಂತೆಯೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಪ್ರಯೋಗಾಲಯಕ್ಕೆ ಒಯ್ಯಬೇಕು.

ಮತ್ತೆ ರಿಕವರಿ

ಮಾಹಿತಿ ಸುರಕ್ಷಿತವಾದ ಮೇಲೆ ರಿಕವರಿಗೆ ಮರಳಬಹುದು. ಡಿಸ್ಕ್ ಗಟ್ಟಿಯಾಗಿದ್ದರೆ ಈಗ ಚೆಕ್ ಡಿಸ್ಕ್ ಓಡಿಸಬಹುದು. ಬಳಿಕ ಆರಂಭದ ದೋಷ ಸರಿಪಡಿಸುವ ಸ್ಟಾರ್ಟ್‌ಅಪ್ ರಿಪೇರ್, ಸೇಫ್ ಮೋಡ್‌ನಲ್ಲಿ ಸಿಸ್ಟಂ ರಿಸ್ಟೋರ್, ಕೊನೆಗೆ ರೀಸೆಟ್ ಎಂಬ ಕ್ರಮ ಕ್ಷೇಮಕರ. ರೀಸೆಟ್ ಸ್ಥಳೀಯ ಫೈಲುಗಳಿಂದ ವಿಫಲವಾದರೆ ‘ಕ್ಲೌಡ್ ಡೌನ್‌ಲೋಡ್’ ಆಯ್ಕೆಯಿದೆ. ಅದು ಇಂಟರ್ನೆಟ್‌ನಿಂದ ಹೊಸ ಪ್ರತಿ ತರಿಸಿಕೊಳ್ಳುತ್ತದೆ. ಅದೂ ಆಗದಿದ್ದರೆ ಬೇರೊಂದು ಕಂಪ್ಯೂಟರಿನಲ್ಲಿ ಕನಿಷ್ಠ 8 ಜಿಬಿ ಪೆನ್‌ಡ್ರೈವಿಗೆ ವಿಂಡೋಸ್ ಹಾಕಿಕೊಂಡು ಅದರಿಂದ ಆರಂಭಿಸಬೇಕು. ಡಿಸ್ಕ್ ಸೋತಿದ್ದರೆ ಹೊಸ ಡಿಸ್ಕ್ ಹಾಕಿ ಅದಕ್ಕೇ ವಿಂಡೋಸ್ ಹಾಕಬೇಕು. ಹಳೆಯದಕ್ಕೆ ಇನ್ನೊಂದು ಅವಕಾಶ ಕೊಡುವುದರಲ್ಲಿ ಅರ್ಥವಿಲ್ಲ.

ಹೊಸದಾಗಿ ಹಾಕಿದ ವಿಂಡೋಸ್‌ನಲ್ಲಿ ಹಳೆಯ ಕನ್ನಡ ಲೇಖನಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಕಂಡರೆ ಗಾಬರಿಯಾಗಬೇಕಿಲ್ಲ. ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲುಗಳು ಆ ಫಾಂಟು ಇಲ್ಲದಿದ್ದರೆ ಹಾಗೆಯೇ ತೋರುತ್ತವೆ. ಫಾಂಟು ಮರಳಿ ಹಾಕಿದರೆ ಕನ್ನಡ ಮರಳುತ್ತದೆ. ಬ್ಯಾಕಪ್‌ನಲ್ಲಿ ಫಾಂಟುಗಳನ್ನೂ ಇಡುವುದು, ಬಿಡುವಾದಾಗ ಹಳೆಯ ಲೇಖನಗಳನ್ನು ಯೂನಿಕೋಡಿಗೆ ಬದಲಿಸುವುದು ಇದಕ್ಕೆ ಶಾಶ್ವತ ಪರಿಹಾರ.

ಬ್ಯಾಕಪ್ ಬಗ್ಗೆ ಪರಿಣತರು ಹೇಳುವ ಲೆಕ್ಕ ಸರಳ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಅಥವಾ ಕ್ಲೌಡ್‌ನಲ್ಲಿ. ಕುರ್ಲಾದ ನೆಲಮಹಡಿಯ ಕಚೇರಿಯ ಪ್ರತಿಯೊಂದು ಡೊಂಬಿವಲಿಯಲ್ಲೋ ಉಡುಪಿಯಲ್ಲೋ ಇದ್ದರೆ ಒಂದೇ ಮಳೆಗೆ ಎರಡೂ ಹೋಗುವುದಿಲ್ಲ. ಬ್ಯಾಕಪ್ ಡಿಸ್ಕನ್ನು ಕೆಲಸ ಮುಗಿದ ಕೂಡಲೇ ಕಂಪ್ಯೂಟರಿನಿಂದ ಬೇರ್ಪಡಿಸಬೇಕು. ಜೋಡಿಸಿಯೇ ಇದ್ದರೆ ವೈರಸ್ ದಾಳಿ ಅದನ್ನೂ ತಲುಪುತ್ತದೆ. ತಿಂಗಳಿಗೊಮ್ಮೆ ಡಿಸ್ಕಿನ ಆ ನಾಲ್ಕು ಸಾಲುಗಳನ್ನು ಬರೆದಿಟ್ಟುಕೊಂಡು ಹೋಲಿಸಬೇಕು, ಬ್ಯಾಕಪ್‌ನಿಂದ ಒಂದೆರಡು ಫೈಲುಗಳನ್ನು ನಿಜಕ್ಕೂ ತೆರೆದು ನೋಡಬೇಕು. ತೆರೆದು ನೋಡದ ಬ್ಯಾಕಪ್ ಇದ್ದೂ ಇಲ್ಲದಂತೆ.