ಗೊರಕೆ ಬರೀ ಜೋಕಲ್ಲ ದೋಸ್ತ!

ಹಾಸ್ಟೆಲ್ ಇರಲಿ, ಪಿಜಿ ಇರಲಿ, ಬಾಡಿಗೆ ರೂಮಿರಲಿ, ನಾಲ್ಕು ಜನ ಸೇರಿದ ಕಡೆ ಒಬ್ಬ ಕುಂಭಕರ್ಣ ಇದ್ದೇ ಇರುತ್ತಾನೆ. ಅವನಿಗೆ ‘ಟ್ರ್ಯಾಕ್ಟರ್’, ‘ಗಿರಣಿ’, ‘ಬುಲೆಟ್’ ಎಂದು ಹೆಸರೂ ಬಿದ್ದಿರುತ್ತದೆ. ಹುಡುಗಿಯರ ಹಾಸ್ಟೆಲ್‌ನಲ್ಲೂ ಗೊರಕೆ ಇದೆ, ನಾಚಿಕೆಗೆ ಯಾರೂ ಬಾಯಿಬಿಡುವುದಿಲ್ಲ ಅಷ್ಟೆ. ಬೆಳಿಗ್ಗೆ ಎದ್ದರೆ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ರಾತ್ರಿಯ ಆಡಿಯೊ, ಅದರ ಕೆಳಗೆ ನಗುವ ಇಮೋಜಿಗಳ ಸಾಲು. ಗೊರಕೆ ಹೊಡೆದವನೂ ನಗುತ್ತಾನೆ. ನಗದೆ ಇನ್ನೇನು ಮಾಡಿಯಾನು?

ಜೋರು ಗೊರಕೆ ಎಂದರೆ ಗಾಢ ನಿದ್ದೆ ಎಂಬುದು ನಮ್ಮೆಲ್ಲರ ನಂಬಿಕೆ. ಎಷ್ಟೋ ಸಲ ನಿಜ ಇದಕ್ಕೆ ಉಲ್ಟಾ ಇರುತ್ತದೆ.

ನಿದ್ದೆ ಹತ್ತಿದಾಗ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಕಿರಿದಾಗುತ್ತದೆ. ಆ ಇಕ್ಕಟ್ಟಿನಲ್ಲಿ ಗಾಳಿ ನುಗ್ಗುವಾಗ ಅಂಗುಳಿನ ಹಿಂಭಾಗ, ಕಿರುನಾಲಿಗೆ ಅದುರುತ್ತವೆ. ಆ ಸದ್ದೇ ಗೊರಕೆ. ಅಲರ್ಜಿಯಿಂದ ಮೂಗು ಕಟ್ಟಿದ್ದರೆ, ಮೂಗಿನ ನಡುಗೋಡೆ ಓರೆಯಾಗಿದ್ದರೆ, ಟಾನ್ಸಿಲ್ ದೊಡ್ಡದಾಗಿದ್ದರೆ, ಕುತ್ತಿಗೆ ಸುತ್ತ ಕೊಬ್ಬು ಸೇರಿದ್ದರೆ ಸದ್ದು ಇನ್ನೂ ಜಾಸ್ತಿ. ತೆಳ್ಳಗಿದ್ದವರೂ ಇದಕ್ಕೆ ಹೊರತಲ್ಲ.

ರೂಮಿನಲ್ಲೇ ಮಾಡಬಹುದಾದ್ದು

ಸುಲಭದ ಉಪಾಯ ಮಗ್ಗುಲಾಗಿ ಮಲಗುವುದು. ಅಂಗಾತ ಮಲಗಿದರೆ ನಾಲಿಗೆ ಹಿಂದಕ್ಕೆ ಜಾರಿ ದಾರಿಗೆ ಅಡ್ಡ ಬರುತ್ತದೆ. ನಿದ್ದೆಗಣ್ಣಲ್ಲಿ ಅಂಗಾತ ಹೊರಳುವ ಅಭ್ಯಾಸವಿದ್ದರೆ ಹಳೆ ಟೀಶರ್ಟಿನ ಬೆನ್ನಿಗೊಂದು ಜೇಬು ಹೊಲಿಸಿ, ಅದರಲ್ಲಿ ಟೆನಿಸ್ ಬಾಲ್ ಇಟ್ಟುಕೊಳ್ಳಿ. ಹೊರಳಿದಾಗ ಅದು ಒತ್ತಿ, ದೇಹ ತಾನೇ ಪಕ್ಕಕ್ಕೆ ತಿರುಗುತ್ತದೆ. ತಲೆಯ ಕಡೆ ಮಂಚವನ್ನು ತುಸು ಎತ್ತರಿಸಿದರೂ ಕೆಲವರಿಗೆ ಅನುಕೂಲ. ಮದ್ಯ ಗಂಟಲಿನ ಸ್ನಾಯುಗಳನ್ನು ಮತ್ತಷ್ಟು ಸಡಿಲಿಸುತ್ತದೆ. ಸಿಗರೇಟಿನಿಂದ ಮೂಗು, ಗಂಟಲು ಊದಿಕೊಳ್ಳುತ್ತವೆ. ತೂಕ ಹೆಚ್ಚಿದ್ದರೆ ಕೆಲವು ಕಿಲೋ ಇಳಿಸಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಮೂಗು ಕಟ್ಟುವವರು ಧೂಳು ಹಿಡಿದ ದಿಂಬಿನ ಕವರ್, ಹೊದಿಕೆಗಳನ್ನು ವಾರಕ್ಕೊಮ್ಮೆಯಾದರೂ ಒಗೆಯಬೇಕು. ವೈದ್ಯರನ್ನು ಕೇಳದೆ ನಿದ್ದೆ ಮಾತ್ರೆ ನುಂಗುವುದಂತೂ ಬೇಡವೇ ಬೇಡ.

ಸದ್ದು ನಿಂತಾಗ ಎಚ್ಚರ

ಧಾರವಾಡದ ಸಪ್ತಾಪುರದಲ್ಲಿ ನಾವು ಮೂವರು ಒಂದೇ ರೂಮಿನಲ್ಲಿದ್ದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೆವು. ನಮ್ಮಲ್ಲೊಬ್ಬ ಲೈಬ್ರರಿಯಲ್ಲಿ ಪುಸ್ತಕ ತೆರೆದ ಹತ್ತೇ ನಿಮಿಷಕ್ಕೆ ತೂಕಡಿಸುತ್ತಿದ್ದ. ಬೆಳಿಗ್ಗೆ ಎದ್ದರೆ ತಲೆನೋವು, ಓದಿದ್ದು ನೆನಪಿರುತ್ತಿರಲಿಲ್ಲ. ‘ಎಂಟ್ ತಾಸು ಮಲ್ಕೊಂಡ್ರೂ ಕಣ್ಣು ಉರೀತಾವಲೇ. ನಾ ಭಾಳ ಸೋಮಾರಿ ಆಗೇನಿ. ಊರಿಗೆ ಹೋಗಿ ಹೊಲಾ ನೋಡ್ಕೊಂಡ್ ಇರ್ತೀನಿ’ ಎಂದು ಗಂಟುಮೂಟೆ ಕಟ್ಟಲು ಹೊರಟಿದ್ದ.

ಒಂದು ರಾತ್ರಿ ಓದುತ್ತಾ ಕುಳಿತಿದ್ದೆ. ಅವನ ಗೊರಕೆ ಏರುತ್ತಾ ಹೋಗಿ ಥಟ್ಟನೆ ನಿಂತಿತು. ಎದೆ ಏರಿಳಿಯುತ್ತಿತ್ತು, ಉಸಿರು ಮಾತ್ರ ಇಲ್ಲ. ಗಡಿಯಾರ ನೋಡಿದೆ: ಹದಿನೈದು ಸೆಕೆಂಡ್. ಆಮೇಲೆ ನೀರಿನಿಂದ ಮೇಲೆದ್ದವನಂತೆ ಏದುಸಿರು, ಮತ್ತೆ ಗೊರಕೆ. ಸ್ವಲ್ಪ ಹೊತ್ತಿಗೆ ಮತ್ತದೇ. ಎರಡು ನಿಮಿಷದ ವಿಡಿಯೊ ಮಾಡಿ ಬೆಳಿಗ್ಗೆ ಅವನಿಗಷ್ಟೇ ತೋರಿಸಿದೆ. ಅವನು ನಗಲಿಲ್ಲ. ಅದೇ ವಾರ ಇಬ್ಬರೂ ಕಿವಿ-ಮೂಗು-ಗಂಟಲಿನ ವೈದ್ಯರ ಬಳಿ ಹೋದೆವು.

ಇದಕ್ಕೆ ಸ್ಲೀಪ್ ಆ್ಯಪ್ನಿಯಾ ಎನ್ನುತ್ತಾರೆ. ಗಂಟಲಿನ ದಾರಿ ಮುಚ್ಚಿ ಹತ್ತು ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಉಸಿರು ನಿಲ್ಲುತ್ತದೆ, ಇಲ್ಲವೇ ತೀರಾ ಕಡಿಮೆಯಾಗುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮಿದುಳು ಅರೆಕ್ಷಣ ಎಚ್ಚರಿಸಿ ಉಸಿರಾಡಿಸುತ್ತದೆ. ಮಲಗಿದವನಿಗೆ ಬೆಳಿಗ್ಗೆ ಇದು ಯಾವುದೂ ನೆನಪಿರುವುದಿಲ್ಲ. ವಯಸ್ಕರಲ್ಲಿ ಗಂಟೆಗೆ 5 ಬಾರಿಗಿಂತ ಕಡಿಮೆಯಿದ್ದರೆ ಸಾಮಾನ್ಯ, 30 ಮುಟ್ಟಿದರೆ ತೀವ್ರ. ನಮ್ಮ ಗೆಳೆಯನಿಗೆ ರಾತ್ರಿಯಿಡೀ ನಿದ್ರಾ ಪರೀಕ್ಷೆ ಮಾಡಿದಾಗ ಸಿಕ್ಕಿದ್ದು 22. ಚಿಕಿತ್ಸೆಯಿಲ್ಲದೆ ಬಿಟ್ಟರೆ ರಕ್ತದೊತ್ತಡ, ಹೃದ್ರೋಗ, ಪಾರ್ಶ್ವವಾಯುವಿನ ಅಪಾಯ ಹೆಚ್ಚು. ಬೈಕ್ ಓಡಿಸುವಾಗ ತೂಕಡಿಕೆ ಬಂದರಂತೂ ಅಷ್ಟು ದಿನವೂ ಕಾಯಬೇಕಿಲ್ಲ.

ಹಾಗಾದರೆ ವೈದ್ಯರ ಬಳಿ ಹೋಗುವುದು ಯಾವಾಗ? ಉಸಿರು ನಿಂತು ನಿಂತು ಬರುತ್ತಿದ್ದರೆ, ಉಸಿರುಗಟ್ಟಿ ಎಚ್ಚರವಾಗುತ್ತಿದ್ದರೆ, ಸಾಕಷ್ಟು ಮಲಗಿದರೂ ಹಗಲು ತೂಕಡಿಕೆ ಬಿಡದಿದ್ದರೆ, ಗೊರಕೆಯ ಜೊತೆ ಬೆಳಗಿನ ತಲೆನೋವು ಅಥವಾ ಚಿಕ್ಕ ವಯಸ್ಸಿಗೇ ಬಿಪಿ ಇದ್ದರೆ ತಡಮಾಡಬೇಡಿ. ಟಾನ್ಸಿಲ್, ಮೂಗಿನ ತೊಂದರೆಯಿದ್ದರೆ ಕೆಲವರಿಗೆ ಶಸ್ತ್ರಚಿಕಿತ್ಸೆ ಹೇಳುತ್ತಾರೆ. ಕೆಲವರಿಗೆ ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ಸಾಧನ ಸಾಕಾಗುತ್ತದೆ. ಇನ್ನು ಕೆಲವರಿಗೆ ಸಿಪ್ಯಾಪ್ ಯಂತ್ರ. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಮತ್ತು ಸಂಗಡಿಗರು ಪರಿಚಯಿಸಿದ ಇದು ಮಾಸ್ಕ್ ಮೂಲಕ ಒತ್ತಡದಲ್ಲಿ ಗಾಳಿ ಕೊಟ್ಟು ಗಂಟಲು ಮುಚ್ಚದಂತೆ ನೋಡಿಕೊಳ್ಳುತ್ತದೆ. ನಮ್ಮ ಗೆಳೆಯ ಈಗ ಇದನ್ನೇ ಬಳಸುತ್ತಿದ್ದಾನೆ, ಸಂಜೆ ವಾಕಿಂಗ್ ಕೂಡ ಶುರುವಾಗಿದೆ. ಪರೀಕ್ಷೆ ಪಾಸಾದನೇ ಎಂದು ಕೇಳಬೇಡಿ, ಫಲಿತಾಂಶ ಇನ್ನೂ ಬಂದಿಲ್ಲ! ಆದರೆ ‘ನಾ ಸೋಮಾರಿ’ ಎನ್ನುವುದನ್ನು ನಿಲ್ಲಿಸಿದ್ದಾನೆ.

ಗೊರಕೆ ಹೊಡೆಯುವವನಿಗೆ ತನ್ನ ಗೊರಕೆ ಕೇಳಿಸದು. ಅದನ್ನು ಕೇಳುವವರು ಪಕ್ಕದ ಮಂಚದವರು, ಅಂದರೆ ನಾವು, ನೀವು. ರೂಮ್‌ಮೇಟ್ ಗೊರಕೆಗೆ ಮೊಬೈಲ್ ಕೈಗೆತ್ತಿಕೊಂಡರೆ ಗ್ರೂಪಿಗೆ ಹಾಕಬೇಡಿ. ನಡುವೆ ಸದ್ದು ನಿಲ್ಲುತ್ತದೆಯೇ ಎಂದು ಕಿವಿಗೊಡಿ. ನಿಂತರೆ ಆ ವಿಡಿಯೊ ಅವನಿಗೆ ಕೊಡಿ, ವೈದ್ಯರ ಬಳಿ ಹೋಗುವಾಗ ಜೊತೆಗೆ ನಡೆಯಿರಿ.