ರೋಬೋಟಿನ ಕಣ್ಣಿಗೆ ನಾವು ಕಾಣುತ್ತೇವೆಯೇ?



ಬೆಳಿಗ್ಗೆ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ನಿಂತರೆ ವೈಟ್‌ಫೀಲ್ಡ್, ಹೊಸಕೋಟೆ, ನರಸಾಪುರದ ಕಡೆ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಕಾಣುತ್ತಾರೆ. ಕಾರ್ಖಾನೆ ಕೆಲಸ ನಮ್ಮ ಭಾಗಕ್ಕೆ ಹೊಸದಲ್ಲ. ಪಕ್ಕದ ದೂರವಾಣಿನಗರದಲ್ಲಿ 1948ರಲ್ಲಿ ಶುರುವಾದ ಐ.ಟಿ.ಐ. ಟೆಲಿಫೋನ್ ಕಾರ್ಖಾನೆಯಲ್ಲಿ ಎಷ್ಟೋ ಮಂದಿ ಹೆಂಗಸರು ದುಡಿದಿದ್ದಾರೆ. ಈಗ ಅನೇಕ ಕಾರ್ಖಾನೆಗಳಲ್ಲಿ ಕೆಲಸಗಾರರ ಹತ್ತಿರವೇ ರೋಬೋಟ್ ಕೈಗಳೂ ಕೆಲಸ ಮಾಡುತ್ತವೆ. ಅದಕ್ಕೆ ಕ್ಯಾಮರಾ ಇದ್ದರೆ, “ಕಣ್ಣಿದೆಯಲ್ಲಾ, ನಮ್ಮನ್ನ ನೋಡಿ ನಿಲ್ಲುತ್ತೆ ಬಿಡಿ” ಅಂದುಕೊಳ್ಳುವವರಿದ್ದಾರೆ. ಇದು ಅಪಾಯದ ನಂಬಿಕೆ. ಆ ಕ್ಯಾಮರಾವನ್ನು ಹೇಗೆ ಜೋಡಿಸುತ್ತಾರೆ ಅಂತ ತಿಳಿದರೆ ಕಾರಣವೂ ತಿಳಿಯುತ್ತದೆ.

1. ವೈರು ಜೋಡಿಸುವುದು

ರೋಬೋಟಿನ ಮಿದುಳು ಕಂಟ್ರೋಲರ್ ಎಂಬ ಪೆಟ್ಟಿಗೆ. ಕೈ ಎಲ್ಲಿಗೆ ಹೋಗಬೇಕು ಅಂತ ಅದೇ ಹೇಳುತ್ತದೆ. ಕ್ಯಾಮರಾದಿಂದ ಈ ಪೆಟ್ಟಿಗೆಗೆ ಸಾಮಾನ್ಯವಾಗಿ ಒಂದು ನೆಟ್‌ವರ್ಕ್ ವೈರು ಬರುತ್ತದೆ. ಕ್ಯಾಮರಾಕ್ಕೆ ಬೇಕಾದ ಕರೆಂಟು ಹೆಚ್ಚಾಗಿ 24 ವೋಲ್ಟ್. ಮನೆಯ 230 ವೋಲ್ಟನ್ನು ನೇರವಾಗಿ ಕೊಟ್ಟರೆ ಸುಟ್ಟೇ ಹೋಗುತ್ತದೆ. ಮೋಟಾರಿನ ದಪ್ಪ ವೈರಿನ ಜೊತೆ ಕ್ಯಾಮರಾ ವೈರನ್ನು ಕಟ್ಟಬಾರದು, ಚಿತ್ರ ಕೆಡುತ್ತದೆ. ಅರ್ಥಿಂಗ್ ಸರಿಯಾಗಿರಬೇಕು. ಕ್ಯಾಮರಾ ರೋಬೋಟಿನ ಕೈ ಮೇಲೇ ಇದ್ದರೆ, ಸಾವಿರಾರು ಸಲ ಬಗ್ಗಿದರೂ ತುಂಡಾಗದ ವೈರೇ ಬೇಕು.

2. ವಿಳಾಸ ಕೊಡುವುದು

ಒಂದೇ ಬೀದಿಯ ಎರಡು ಮನೆಗಳಿಗೆ ಬೇರೆ ಬೇರೆ ಡೋರ್ ನಂಬರ್ ಇರುತ್ತದಲ್ಲವೇ? ಹಾಗೇ ಕಂಟ್ರೋಲರಿಗೆ 192.168.1.10, ಕ್ಯಾಮರಾಕ್ಕೆ 192.168.1.20 ಎಂಬಂತೆ ನಂಬರ್ ಕೊಡುತ್ತಾರೆ. ಇಬ್ಬರಿಗೂ ಒಂದೇ ನಂಬರ್ ಕೊಟ್ಟರೆ ಜಗಳ. ಬೀದಿಯೇ ಬೇರೆಯಾದರೆ ಮಾತುಕತೆಯೇ ಇಲ್ಲ.

3. ಅಳತೆ ಮತ್ತು ಗುರುತು ಕಲಿಸುವುದು

ಕ್ಯಾಮರಾಕ್ಕೆ ಮಿಲಿಮೀಟರ್ ಗೊತ್ತಿಲ್ಲ, ಚುಕ್ಕೆಗಳಷ್ಟೇ ಗೊತ್ತು. ಅದಕ್ಕೇ ಸಮಾನ ಅಂತರದ ಚುಕ್ಕಿಗಳಿರುವ ಹಾಳೆಯನ್ನು ಅದರ ಮುಂದಿಟ್ಟು, ಚಿತ್ರದಲ್ಲಿ ಇಷ್ಟು ದೂರ ಅಂದರೆ ನೆಲದ ಮೇಲೆ ಇಷ್ಟು ಅಂತ ಕಲಿಸುತ್ತಾರೆ. ಆಮೇಲೆ ಎತ್ತಬೇಕಾದ ವಸ್ತುವನ್ನು ತೋರಿಸಿ ಗುರುತು ಹಿಡಿಸುತ್ತಾರೆ. ಕ್ಯಾಮರಾ ಸ್ವಲ್ಪ ಅಲುಗಿದರೂ ಅಳತೆ ತಪ್ಪುತ್ತದೆ. ಕಿಟಕಿಯ ಬಿಸಿಲು ಬಿದ್ದರೂ ವಸ್ತು ಗುರುತಾಗದೆ ಹೋಗಬಹುದು. ಆದ್ದರಿಂದ ಒರೆಸುವಾಗ ಕ್ಯಾಮರಾವನ್ನು, ಅದರ ದೀಪವನ್ನು ತಳ್ಳಬೇಡಿ. ಅಕಸ್ಮಾತ್ ಕೈ ತಾಗಿದರೆ ಕೂಡಲೇ ಸೂಪರ್‌ವೈಸರಿಗೆ ತಿಳಿಸಿ.

ನೆನಪಿಡಿ

ಈ ಕ್ಯಾಮರಾ ತನಗೆ ಕಲಿಸಿದ ವಸ್ತುವನ್ನು ಮಾತ್ರ ಹುಡುಕುತ್ತದೆ. ನಿಮ್ಮ ಕೈ, ಸೆರಗು, ಜಡೆ ಅದರ ಪಾಠದಲ್ಲಿ ಇಲ್ಲ. ಮನುಷ್ಯರನ್ನು ಕಾಪಾಡಲು ಬೇಲಿ, ಬಾಗಿಲು ತೆರೆದರೆ ರೋಬೋಟನ್ನು ನಿಲ್ಲಿಸುವ ಸ್ವಿಚ್, ಕೆಂಪು ತುರ್ತು ಬಟನ್ ಬೇರೆಯಾಗಿ ಇರುತ್ತವೆ. ಕೆಲಸ ಬೇಗ ಮುಗಿಯಲಿ ಅಂತ ಬಾಗಿಲಿನ ಸ್ವಿಚ್ಚಿಗೆ ಟೇಪು ಸುತ್ತಿದ್ದರೆ ಒಳಗೆ ಹೋಗಬೇಡಿ, ಹೇಳಿದವರು ಯಾರೇ ಆಗಿರಲಿ. ರೋಬೋಟ್ ಸುಮ್ಮನೆ ನಿಂತಿದೆ ಅಂದರೆ ಆಫ್ ಆಗಿದೆ ಅಂತಲ್ಲ. ಮುಂದಿನ ವಸ್ತುವಿಗೆ ಕಾಯುತ್ತಿರಬಹುದು. ಕಲಿಸುವ ಸಮಯದಲ್ಲಿ ಅದರ ವೇಗವನ್ನು ಸೆಕೆಂಡಿಗೆ 250 ಮಿಲಿಮೀಟರಿಗೆ ಮಿತಿಗೊಳಿಸುತ್ತಾರೆ. ಉತ್ಪಾದನೆಯ ಹೊತ್ತಿನಲ್ಲಿ ವೇಗ ಅದರ ಎಷ್ಟೋ ಪಟ್ಟು.

ನಮ್ಮ ಮಕ್ಕಳಿಗೆ

ವೈರು ಎಳೆಯುವುದು, ನಂಬರ್ ಕೊಡುವುದು, ಅಳತೆ ಕಲಿಸುವುದು ನಮ್ಮ ಹೆಣ್ಣುಮಕ್ಕಳೂ ಕಲಿಯಬಹುದಾದ ಕೆಲಸ. ಹತ್ತನೇ ತರಗತಿ ಮುಗಿಸಿದವರು ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ಎರಡು ವರ್ಷದ ಎಲೆಕ್ಟ್ರಿಷಿಯನ್ ತರಬೇತಿಯಿಂದ ಶುರು ಮಾಡಬಹುದು. ಕರ್ನಾಟಕದಲ್ಲಿ ಹೊಸ ಯಂತ್ರಗಳೊಂದಿಗೆ ಮೇಲ್ದರ್ಜೆಗೇರಿಸಿದ 150 ಸರ್ಕಾರಿ ತರಬೇತಿ ಸಂಸ್ಥೆಗಳು 2022ರ ಜೂನ್‌ನಲ್ಲಿ ಉದ್ಘಾಟನೆಯಾದವು. ಮಗಳನ್ನು ಸೇರಿಸುವ ಮುಂಚೆ, ರೋಬೋಟ್ ತರಬೇತಿ ಎಲ್ಲಿದೆ ಅಂತ ಹತ್ತಿರದ ಸಂಸ್ಥೆಯಲ್ಲಿ ಕೇಳಿ.

ಸಂಘದ ಸಭೆಯಲ್ಲಿ ಚರ್ಚಿಸಿರಿ

• ನಮ್ಮ ಮನೆಯವರು ಕೆಲಸ ಮಾಡುವ ಕಡೆ ರೋಬೋಟ್ ಇದೆಯೇ? ಕೆಂಪು ಬಟನ್ ಎಲ್ಲಿದೆ ಅಂತ ಅವರಿಗೆ ಗೊತ್ತೇ?
• ಹತ್ತನೇ ತರಗತಿ ಮುಗಿಸಿ ಮನೆಯಲ್ಲಿರುವ ಹೆಣ್ಣುಮಕ್ಕಳು ನಮ್ಮ ಸಂಘದ ಮನೆಗಳಲ್ಲಿ ಎಷ್ಟು ಮಂದಿ?
• ತರಬೇತಿಯ ಬಸ್ ಖರ್ಚಿಗೆ ಸಂಘದ ಉಳಿತಾಯದಿಂದ ಸಾಲ ಕೊಡಬಹುದೇ?